ಐವತ್ತನೆಯ ವಯಸ್ಸಿನ ದೇಶಾಂತರ

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವರ ಕಥೆ ನಮಗೆ ಹೊಸದಲ್ಲ. ತರುಣನಾದವನು ಒಂದು ಪೆಟ್ಟಿಗೆಯನ್ನು ಹಿಡಿದು ಹಡಗು ಹತ್ತಿದರೆ, ಸೋತಾಗಲೂ ಅವನೊಬ್ಬನೇ ಸೋಲುವನು. ಐವತ್ತು ತುಂಬಿದ ಮೇಲೆ, ವಿದ್ವಲ್ಲೋಕವೇ ಕೊಂಡಾಡಿದ ಪದವಿಯನ್ನು ಕಳೆದುಕೊಂಡು, ಹೆಂಡತಿಮಕ್ಕಳೊಡನೆ ಪರದೇಶಕ್ಕೆ ಹೊರಡುವುದು ಬೇರೆಯೇ ಮಾತು. ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರಿಗೆ ಒದಗಿದುದು ಈ ಎರಡನೆಯ ಬಗೆಯದು. ಅವರ ಅಲೆದಾಟದ ದಾರಿಯಲ್ಲಿ ನಮ್ಮ ಬೆಂಗಳೂರೂ ಒಂದು ತಂಗುದಾಣವಾಗಿದ್ದಿತು. ಆದುದರಿಂದಲೇ ನಾವು ಈ ವೃತ್ತಾಂತವನ್ನು ಆರಿಸಿಕೊಂಡಿದ್ದೇವೆ.

ಬಾರ್ನರು 1882ರಲ್ಲಿ ಬ್ರೆಸ್ಲೌ ನಗರದಲ್ಲಿ ಹುಟ್ಟಿದರು. 1921ರಿಂದ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಆಚಾರ್ಯರಾಗಿದ್ದರು. ಪರಮಾಣುವಿನ ಹೊಸ ಗಣಿತವನ್ನು 1925ರಲ್ಲಿ ಹೈಸನ್‌ಬರ್ಗ್, ಜೋರ್ಡಾನ್ ಇವರೊಡನೆ ಕೂಡಿ ರೂಪಿಸಿದವರು ಇವರೇ. ಸೂಕ್ಷ್ಮ ಕಣಗಳ ವಿಷಯದಲ್ಲಿ ನಿಶ್ಚಯವನ್ನಲ್ಲ, ಸಂಭವವನ್ನು ಮಾತ್ರ ಹೇಳಬಹುದೆಂದು ಮರುವರ್ಷ ತೋರಿಸಿದವರೂ ಇವರೇ. ಇಷ್ಟಿದ್ದರೂ 1933ರ ಏಪ್ರಿಲ್ 7ರಂದು ನಾಟ್ಸಿ ಸರಕಾರವು ಹೊರಡಿಸಿದ ಕಾನೂನಿನ ಮುಂದೆ ವಿದ್ಯೆ ನಿಲ್ಲಲಿಲ್ಲ. ಬಾರ್ನರು ಯೆಹೂದ್ಯ ವಂಶದವರು. ಅವರು ಲೂಥರ್ ಪಂಥದ ದೀಕ್ಷೆ ಪಡೆದಿದ್ದುದು ಲೆಕ್ಕಕ್ಕೆ ಬರಲಿಲ್ಲ. ಕೆಲಸದಿಂದ ತೆಗೆದವರ ಪಟ್ಟಿಯಲ್ಲಿ ತಮ್ಮ ಹೆಸರಿರುವುದನ್ನು ಅವರು ವೃತ್ತಪತ್ರಿಕೆಯಲ್ಲಿ ಓದಿ ತಿಳಿದರು. ಮೇ ತಿಂಗಳಲ್ಲಿ ಸಂಸಾರವು ಗಡಿ ದಾಟಿ, ಇಟಲಿಗೆ ಸೇರಿದ ಬೆಟ್ಟಸೀಮೆಯ ಸೆಲ್ವಾ ಎಂಬ ಹಳ್ಳಿಯನ್ನು ಸೇರಿತು.

ಅಲ್ಲಿಂದ ಕೇಂಬ್ರಿಡ್ಜು. ಮೂರು ವರ್ಷಗಳ ಅವಧಿಯ ಉಪನ್ಯಾಸಕ ಪದವಿಯೊಂದು ದೊರೆಯಿತು. ಗಟಿಂಗೆನ್ನಿನಲ್ಲಿ ಯಾರ ಕೈಕೆಳಗೆ ಲೋಕದ ಮೇಧಾವಿಗಳು ಕಲಿತಿದ್ದರೋ ಅವರಿಗೆ ಅದು ಚಿಕ್ಕ ಪೀಠ. ಆದರೂ ಅವರು ಕೈಕಟ್ಟಿ ಕೂಡಲಿಲ್ಲ. 1935ರಲ್ಲಿ ಅವರ ಎರಡು ಗ್ರಂಥಗಳು ಇಂಗ್ಲಿಷಿನಲ್ಲಿ ಹೊರಬಂದುವು. ಒಂದು ವಿದ್ಯಾರ್ಥಿಗಳಿಗೆ, ಮತ್ತೊಂದು ಜನಸಾಮಾನ್ಯರಿಗೆ. ಅವಧಿ ಮುಗಿದ ಮೇಲೆ ಏನು ಎಂಬ ಚಿಂತೆ ಮಾತ್ರ ಉಳಿದೇ ಇದ್ದಿತು.

ಆಗ ಬೆಂಗಳೂರಿನಿಂದ ಕರೆ ಬಂದಿತು. ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಮಂದಿರಕ್ಕೆ 1933ರಲ್ಲಿ ಸರ್ ಚಂದ್ರಶೇಖರ ವೆಂಕಟರಾಮನ್ ಅವರು ನಿರ್ದೇಶಕರಾಗಿ ಬಂದಿದ್ದರು. ಜರ್ಮನಿಯು ಹೊರದೂಡಿದ ವಿದ್ವಾಂಸರನ್ನು ಇಲ್ಲಿಗೆ ಬರಮಾಡಿಕೊಳ್ಳಬೇಕೆಂಬುದು ಅವರ ಹಂಬಲ. ಬಾರ್ನರು ಪತ್ನಿ ಹೆಡ್ವಿಗ್ ಅವರೊಡನೆ 1935ರ ಕೊನೆಯಲ್ಲಿ ಬಂದು, 1936ರ ವಸಂತದವರೆಗೆ ಇದ್ದರು. ಇಲ್ಲಿಯ ತರುಣ ನಾಗೇಂದ್ರನಾಥರೊಡನೆ ಕೂಡಿ ಬೆಳಕಿನ ಸ್ವರೂಪವನ್ನು ಕುರಿತು ಲೇಖನವನ್ನೂ ಬರೆದರು. ರಾಮನ್ನರು ಅವರಿಗಾಗಿ ಒಂದು ಸ್ಥಿರವಾದ ಪೀಠವನ್ನೇ ಏರ್ಪಡಿಸಲು ಹವಣಿಸಿ, ಸಭೆಯ ಮುಂದೆ ಸೂಚನೆಯನ್ನಿಟ್ಟರು. ಬಾರ್ನರೂ ಅಲ್ಲಿ ಕುಳಿತಿದ್ದರು. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯು ತಮಗೆ ತಕ್ಕವನಲ್ಲವೆಂದು ಎದುರಿಗೇ ಆಡಿಬಿಟ್ಟರು. ಈ ಮನುಷ್ಯನಿಗೂ ಆತನ ಮನೆಯವರಿಗೂ ಬಾರ್ನ್ ದಂಪತಿಗಳು ಆದರ ತೋರಿದ್ದರು. ಹಿಟ್ಲರನ ಕಾನೂನನ್ನು ತಡೆದುಕೊಂಡಿದ್ದ ಆ ಹಿರಿಯರು ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತರೆಂದು ತಾವೇ ಬರೆದಿದ್ದಾರೆ. ನೆಲೆ ಬೇಡಿ ಬಂದವನಿಗೆ ಶತ್ರುವಿನ ದ್ವೇಷಕ್ಕಿಂತ ಅನ್ನವಿಟ್ಟವನ ಮಾತು ಆಳವಾಗಿ ನಾಟುವುದೆಂದು ನಮಗೆ ತೋರುತ್ತದೆ. ಇಲ್ಲಿಯಾದರೋ ಅನ್ನ ಉಂಡವನೇ ಆ ಮಾತನ್ನಾಡಿದ್ದನು.

ಪೀಠವು ಆಗಲಿಲ್ಲ. ರಾಮನ್ನರ ಆಡಳಿತದ ಮೇಲೆಯೇ ದೂರುಗಳೆದ್ದು, 1937ರಲ್ಲಿ ಅವರೂ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಅವರೇ ಮುಂದೆ ಬಾರ್ನರ ಸ್ಫಟಿಕ ಸಿದ್ಧಾಂತವನ್ನು ಬಹುಕಾಲ ಖಂಡಿಸುತ್ತ ಬಂದುದು ಇನ್ನೊಂದು ಕಥೆ. ಈ ಇಬ್ಬರೂ ಮಲ್ಲೇಶ್ವರದ ಆಚೆಯ ಅದೇ ಆವರಣದಲ್ಲಿದ್ದು ಎದುರುಬದುರಾಗಿ ವಾದಿಸುವಂತಾಗಿದ್ದರೆ ನಮ್ಮ ವಿದ್ಯಾರ್ಥಿಗಳಿಗೆ ಎಂತಹ ಹಬ್ಬವಾಗುತ್ತಿದ್ದಿತು!

ಇಂಗ್ಲೆಂಡಿಗೆ ಮರಳಿದ ಬಾರ್ನರಿಗೆ ಕಪಿಟ್ಸಾ ಎಂಬ ವಿಜ್ಞಾನಿಯು ಮಾಸ್ಕೋದಲ್ಲಿ ಕೆಲಸ ಕೊಡುವೆನೆಂದನು. ಬೇರೆ ದಾರಿ ಕಾಣದೆ ಅವರು ರಷ್ಯನ್ ಭಾಷೆಯ ಪಾಠವನ್ನೂ ತೊಡಗಿದ್ದರು. ಅಷ್ಟರಲ್ಲಿ ಎಡಿನ್‌ಬರೋದ ಆಚಾರ್ಯ ಚಾರ್ಲ್ಸ್ ಡಾರ್ವಿನ್ನರು ಕೇಂಬ್ರಿಡ್ಜಿಗೆ ಹೊರಟರು. ತೆರವಾದ ಪೀಠವು 1936ರಲ್ಲಿ ಬಾರ್ನರಿಗೆ ಬಂದಿತು. ಹೀಗೆ ಒಬ್ಬರು ಎದ್ದುಹೋದ ಕುರ್ಚಿಯಿಂದ ಒಂದು ಸಂಸಾರದ ಹಣೆಬರಹ ತಿರುಗಿತು.

ಅವರಿಗೆ ಬ್ರಿಟಿಷ್ ಪ್ರಜಾಪದವಿ ದೊರೆತುದು 1939ರ ಆಗಸ್ಟ್ 31ರಂದು. ಮರುದಿನ ಜರ್ಮನಿಯು ಪೋಲೆಂಡಿನ ಮೇಲೆ ನುಗ್ಗಿತು. ಆ ಒಂದು ಕಾಗದದ ಬೆಲೆಯನ್ನು ಹೀಗೆ ತಿಳಿಯಬಹುದು: ಅವರ ಬಳಿ ಕೆಲಸ ಮಾಡುತ್ತಿದ್ದ ಜರ್ಮನ್ ತರುಣ ಕ್ಲೌಸ್ ಫುಕ್ಸ್‌ನನ್ನು 1940ರಲ್ಲಿ ಶತ್ರುದೇಶದವನೆಂದು ಹಿಡಿದು ಕೆನಡಕ್ಕೆ ಸಾಗಿಸಿದರು. ಬಾರ್ನರು ಮನೆಯಲ್ಲಿದ್ದುಕೊಂಡು ಪಾಠ ಹೇಳುತ್ತಿದ್ದರು.

ಹದಿನೇಳು ವರ್ಷಗಳ ದುಡಿಮೆಗೆ ಎಡಿನ್‌ಬರೋದಲ್ಲಿ ದೊರೆತ ವಿಶ್ರಾಂತಿ ವೇತನವು ಅಲ್ಪ. ಗಟಿಂಗೆನ್ನಿನ ವೇತನವನ್ನು ಜರ್ಮನಿಯು ಹಿಂದಿರುಗಿಸಿತ್ತು. ಆದುದರಿಂದ ದಂಪತಿಗಳು 1954ರಲ್ಲಿ ಬಾಡ್ ಪಿರ್ಮಾಂಟ್ ಎಂಬ ಜರ್ಮನ್ ಊರಿನಲ್ಲಿ ನೆಲೆಸಿದರು. ಕೊಲೆಗಡುಕರ ನಾಡಿಗೆ ಮರಳುವುದೇ ಎಂದು ಐನ್‌ಸ್ಟೈನರು ಗದರಿಸಿ ಬರೆದಿದ್ದರು. ಆ ವರ್ಷವೇ ನೊಬೆಲ್ ಪಾರಿತೋಷಕವು ಬಂದಿತು. ಮಗ ಗುಸ್ತಾವ್ ಇಂಗ್ಲೆಂಡಿನಲ್ಲಿಯೇ ಉಳಿದು ಔಷಧ ವಿಜ್ಞಾನದಲ್ಲಿ ಹೆಸರು ಗಳಿಸಿದನು. ಹಿರಿಯ ಮಗಳು ಐರೀನಳು, ತಂದೆತಾಯಿಗಳು ಹಿಂದಿರುಗಿದ ಅದೇ 1954ರಲ್ಲಿ, ಗಂಡನೊಡನೆಯೂ ಮಕ್ಕಳೊಡನೆಯೂ ಆಸ್ಟ್ರೇಲಿಯದ ಮೆಲ್ಬರ್ನಿಗೆ ಹೊರಟುಹೋದಳು.