ಆಗಮನ ಕಾಲದ ಮೇಣದಬತ್ತಿಗಳು

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ, ಹಸಿರೆಲೆಯ ವರ್ತುಲದ ಮೇಲೆ ವಾರಕ್ಕೊಂದು ಹೆಚ್ಚಿಸುತ್ತ ಹೊತ್ತಿಸುವ ದೀಪಗಳು. ಯೇಸುವೇ ಲೋಕದ ಬೆಳಕೆಂಬ ಯೋಹಾನನ ಸುವಾರ್ತೆಯ ನಂಬಿಕೆ ಇದರ ಆಧಾರ. ಪದ್ಧತಿ ಮಾತ್ರ ಜನ ಭಾವಿಸುವಷ್ಟು ಪ್ರಾಚೀನವಲ್ಲ. ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಲೂಥರನ್ ದೇವಶಾಸ್ತ್ರಜ್ಞ ಯೋಹಾನ್ ಹಿನ್‌ರಿಶ್ ವಿಷರ್ನ್ 1839ರಲ್ಲಿ ಮರದ ಗಾಲಿಯೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದ: ವಾರದ ದಿನಗಳಿಗೆ ಚಿಕ್ಕ ಕೆಂಪು, ಭಾನುವಾರಕ್ಕೆ ದೊಡ್ಡ ಬಿಳಿ. ಹಬ್ಬ ಯಾವಾಗ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದುದೇ ಇದಕ್ಕೆ ಕಾರಣವೆಂಬುದು ಪ್ರತೀತಿ. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಥೊಲಿಕರೂ ಇದನ್ನು ಅಳವಡಿಸಿಕೊಂಡರು. ಅವರಲ್ಲಿ ಮೂರು ಬತ್ತಿ ಪಶ್ಚಾತ್ತಾಪದ ನೇರಳೆ. ಮೂರನೆಯ ಭಾನುವಾರದ್ದು ಹರ್ಷಸೂಚಕ ಗುಲಾಬಿ. ನಾಲ್ಕಕ್ಕೂ ನಿರೀಕ್ಷೆ, ಶಾಂತಿ ಮುಂತಾಗಿ ಹೆಸರಿಡುವ ರೂಢಿ ಸಭೆಯಿಂದ ಸಭೆಗೆ ಬದಲಾಗುತ್ತದೆ. ಕೆಲವೆಡೆ ನಡುವೆ ಬಿಳಿಯ ಕ್ರಿಸ್ತದೀಪವೂ ಇದ್ದು, ಅದನ್ನು ಹಬ್ಬದ ಹಿಂದಿನ ರಾತ್ರಿ ಇಲ್ಲವೇ ಹಬ್ಬದಂದು ಹೊತ್ತಿಸುತ್ತಾರೆ.