ಚಾಸಿಗೆ ಬಣ್ಣ ಹೊಡೆಯೋ ಮುಂಚೆ ಅದನ್ನೊಮ್ಮೆ ಓದಿ

(1/4)

ಹೋದ ವಾರ ಹಾಕಿದ ಜೀಪ್ ಚಾಸಿ ಫೋಟೋ ಕೆಳಗೆ ನಮ್ಮ ಕ್ಲಾಸಿನವರೇ ಮೂರು ಜನ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಕಪ್ಪು ತಾನೇ ಹೊಡೆಯೋದು?"

ಹೌದು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಅದಕ್ಕೇ ಈ ಸಲ ಸ್ವಲ್ಪ ಉದ್ದ. ಓದ್ಕೊಳ್ಳಿ.

ಮೊದಲು ಚಾಸಿ ಅಂದ್ರೇನು ಅಂತ ನೋಡೋಣ. ಇವತ್ತಿನ ಬಹುಪಾಲು ಸಣ್ಣ ಕಾರುಗಳಲ್ಲಿ ಬಾಡಿಯೇ ಎಲುಬು. ಹಳೇ ಗಾಡಿಗಳಲ್ಲಿ ಹಾಗಲ್ಲ. ಕೆಳಗೆ ಏಣಿಯ ಹಾಗೆ ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್, ಆಕ್ಸಲ್, ಬಾಡಿ ಎಲ್ಲ ಅದರ ಮೇಲೆ ಕೂರತ್ತೆ. ಜೀಪು ಹಾಗಿದೆ. ಮದ್ರಾಸಿನಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೂ ಬೇರೆಯೇ ಚಾಸಿ ಇತ್ತು. ಅಂಬಾಸಿಡರ್‌ಗೆ ಇರಲಿಲ್ಲ, ನೋಡೋಕೆ ಅದು ಎಷ್ಟೇ ಗಟ್ಟಿ ಅನ್ನಿಸಿದ್ರೂ.

(2/4)

ಚಾಸಿ ಅಂದ್ರೆ ಕಪ್ಪು ಅನ್ನೋ ನಂಬಿಕೆ ಗಟ್ಟಿಯಾಗಿದ್ದರ ಹಿಂದೆ ಫೋರ್ಡ್ ಮಾಡೆಲ್ ಟಿ ಇದೆ. 1908ರಲ್ಲಿ ಆ ಕಾರು ಬಂದಾಗ ಕಪ್ಪೊಂದೇ ಬಣ್ಣ ಆಗಿರಲಿಲ್ಲ. ಹಸಿರು, ಕೆಂಪು, ಬೂದು ಕಾರುಗಳೂ ಇದ್ದವು. ಬರೀ ಕಪ್ಪು ಅಂತಾಗಿದ್ದು 1914ರಿಂದ 1925ರವರೆಗೆ.

ಆ ಕಪ್ಪಿನ ಮೂಲ ಟಾರು. ಅಂದ್ರೆ ನೆಲದಿಂದ ಸಿಗೋ ಆಸ್ಫಾಲ್ಟ್‌ಗೆ ಅಗಸೆ ಎಣ್ಣೆ, ತೆಳ್ಳಗೆ ಮಾಡುವ ದ್ರಾವಕ ಸೇರಿಸಿದ ಮೆರುಗು. ಹೆಸರು 'ಜಪಾನ್ ಬ್ಲಾಕ್'. ಆದ್ರೆ ಅದರೊಳಗೆ ಜಪಾನಿಂದ ಬಂದಿದ್ದು ಏನೂ ಇಲ್ಲ. ಅಲ್ಲಿನವರು ಮರದ ರಸದಿಂದ ಮಾಡ್ತಿದ್ದ ಮೆರುಗನ್ನ ಯುರೋಪಿನವರು ನಕಲು ಮಾಡೋಕೆ ಹೋಗಿ ಹುಟ್ಟಿದ ಬಣ್ಣ ಇದು. 18ನೇ ಶತಮಾನದಲ್ಲಿ ವೇಲ್ಸ್‌ನ ಪಾಂಟಿಪೂಲ್‌ನಲ್ಲಿ ತಗಡಿನ ತಟ್ಟೆ, ಡಬ್ಬಿಗಳಿಗೆ ಇಂಥದೇ ಮೆರುಗು ಹಚ್ತಿದ್ರು. ಅದೇ ವಿದ್ಯೆ ಮುಂದೆ ಕಾರಿಗೆ ಬಂತು. ಅಗ್ಗ, ಗಟ್ಟಿ, ನೀರು ಒಳಗೆ ಬಿಡಲ್ಲ. ಭಾಗವನ್ನ ಬಣ್ಣದಲ್ಲಿ ಅದ್ದಿ ಒಲೆಯಲ್ಲಿ ಬೇಯಿಸಿದ್ರೆ ಮುಗೀತು. ಕಪ್ಪು ಟಾರಿನಿಂದ ಬೇರೆ ಬಣ್ಣ ಎಲ್ಲಿಂದ ತರ್ತೀರಿ?

ಬಣ್ಣ ಬಣ್ಣದ ಬಾಡಿ ಬೇಕು ಅಂದ್ರೆ ಎಣ್ಣೆ ವಾರ್ನಿಷ್‌ನ ಹಳೇ ಕೆಲಸ. ಒಂದು ಕೋಟ್ ಹಚ್ಚು, ಒಣಗಿಸು, ಉಜ್ಜು, ಮತ್ತೆ ಹಚ್ಚು. ವಾರಗಟ್ಟಲೆ ಹಿಡೀತಿತ್ತು. ಇದನ್ನ ಬದಲಾಯಿಸಿದ್ದು ಡ್ಯುಪಾಂಟ್ ಕಂಪನಿಯ 'ಡ್ಯೂಕೋ'. ನೈಟ್ರೋಸೆಲ್ಯುಲೋಸ್ ಅನ್ನೋ ಪದಾರ್ಥದಿಂದ ಮಾಡಿದ್ದು. ಮದ್ದುಗುಂಡಿಗೆ ಹೋಗ್ತಿದ್ದ ಗನ್ ಕಾಟನ್ ಇದರ ಅಣ್ಣ, ಸಿನಿಮಾ ಫಿಲ್ಮ್ ಇದರ ತಮ್ಮ. 1924ರ ಓಕ್‌ಲ್ಯಾಂಡ್ ಕಾರುಗಳು ಈ ಬಣ್ಣದಲ್ಲಿ, ಅದೂ ನೀಲಿಯಲ್ಲಿ, ಹೊರಗೆ ಬಂದವು. ವಾರಗಳ ಕೆಲಸ ಗಂಟೆಗಳಿಗೆ ಇಳೀತು.

ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮೂರ ಗ್ಯಾರೇಜಿನಲ್ಲೂ, ಬಡಗಿ ಅಂಗಡಿಯಲ್ಲೂ ಸ್ಪ್ರೇ ಬಣ್ಣಕ್ಕೆ ಇವತ್ತಿಗೂ 'ಡ್ಯೂಕೋ' ಅಂತಾರೆ. ಡಬ್ಬದ ಮೇಲೆ ಯಾವ ಕಂಪನಿಯ ಹೆಸರೇ ಇರಲಿ.

(3/4)

ಈಗ ನಮ್ಮ ಜೀಪಿಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಜೀಪು ಮಾಡಿಕೊಟ್ಟಿದ್ದು ಮುಖ್ಯವಾಗಿ ಇಬ್ಬರು: ವಿಲ್ಲಿಸ್ ಮತ್ತು ಅದೇ ಫೋರ್ಡ್. ಒಟ್ಟು 6 ಲಕ್ಷಕ್ಕೂ ಜಾಸ್ತಿ. ಸೇನೆ ಕೇಳಿದ ಬಣ್ಣ ಹೊಳಪಿಲ್ಲದ ಆಲಿವ್ ಹಸಿರು, ಯಾಕಂದ್ರೆ ಬಿಸಿಲಿಗೆ ಮಿನುಗಿದ್ರೆ ಶತ್ರುವಿಗೆ ಕಾಣತ್ತೆ. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಜೀಪುಗಳು ಖಾಸಗಿಯವರ ಕೈ ಸೇರಿದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರದವರು ಬೊಂಬಾಯಿಯಲ್ಲಿ ಜೀಪು ಜೋಡಿಸೋಕೆ ಶುರು ಮಾಡಿದ್ರು. ಮಲೆನಾಡು, ಕೊಡಗಿನ ತೋಟದ ದಾರಿಗಳಲ್ಲಿ ಜೀಪು ಮನೆ ಮಗನ ಹಾಗೆ ಆಗಿದ್ದು ಆಮೇಲೆ.

ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಎರಡೂ ಅವಳಿಗಳು, ಬಿಡಿಭಾಗ ಅದಲು ಬದಲು ಮಾಡಬಹುದು. ಯಾವುದು ಯಾವುದು ಅಂತ ಗೊತ್ತಾಗೋದು ಚಾಸಿಯಲ್ಲೇ. ರೇಡಿಯೇಟರ್ ಕೆಳಗಿನ ಮುಂದಿನ ಅಡ್ಡಪಟ್ಟಿ ದುಂಡಗೆ ಪೈಪಿನ ಹಾಗಿದ್ರೆ ವಿಲ್ಲಿಸ್. ತಲೆಕೆಳಗಾದ ಪೆಟ್ಟಿಗೆಯ ಹಾಗೆ ಚೌಕಾಗಿದ್ರೆ ಫೋರ್ಡ್. ವಿಲ್ಲಿಸ್ ನಂಬರ್ ಎಡತೊಲೆಯ ಒಳಮೈಯಲ್ಲಿ ರಿವೆಟ್ ಹೊಡೆದ ಸಣ್ಣ ತಗಡಿನ ಮೇಲೆ. ಫೋರ್ಡ್‌ನವರು ಎಡತೊಲೆಯ ನೆತ್ತಿಗೇ ನಂಬರ್ ಅಚ್ಚೊತ್ತಿದ್ರು. ಬೋಲ್ಟ್ ತಲೆಗೂ ಒಂದೊಂದು 'ಎಫ್' ಅಕ್ಷರ ಒತ್ತಿದ್ದಾರೆ ಅಂದ್ರೆ ನೋಡಿ!

ಮನೆಯಲ್ಲಿ ಚಾಸಿ ರೆಡಿ ಮಾಡೋರು ನಾಶ ಮಾಡೋದು ಇದನ್ನೇ. ಗ್ರೈಂಡರ್ ಹಿಡಿದು ಬೆಳ್ಳಗೆ ಉಜ್ಜಿ, ಗುಳಿಗೆಲ್ಲ ಪುಟ್ಟಿ ತುಂಬಿ, ಫಳಫಳ ಕಪ್ಪು ಹೊಡೆದು ರೀಲ್ ಹಾಕ್ತಾರೆ. ಫ್ಯಾಕ್ಟರಿಯಿಂದ ಯಾವತ್ತೂ ಹಾಗೆ ಬಂದಿರಲೇ ಇಲ್ಲ. ನನಗೆ ಅದು ಹಳೇ ತಾಳೆಗರಿಯನ್ನ ಸೋಪು ಹಾಕಿ ತೊಳೆದ ಹಾಗೆ ಕಾಣತ್ತೆ.

(4/4)

ಹಾಗಾದ್ರೆ ಹೇಗೆ? ಮೊದಲು ಗ್ರೀಸು, ಮಣ್ಣು ತೆಗೀರಿ. ಮರದ ಚೂಪು ಕಡ್ಡಿ, ಸೀಮೆಎಣ್ಣೆ ಬಟ್ಟೆ ಸಾಕು. ಹತ್ತಿರ ಬೆಂಕಿ ಬೇಡ. ಆಮೇಲೆ ಎಲ್ಲ ಮೂಲೆಯ ಫೋಟೋ, ನಂಬರಿನ ಫೋಟೋ. ಬ್ರಾಕೆಟ್ ಹಿಂದೆ, ಬಿಸಿಲು ಮಳೆ ತಾಗದ ಜಾಗದಲ್ಲಿ ಒಂದಿಂಚು ಬಣ್ಣವನ್ನ ನೀರು ಹಾಕಿ ನಿಧಾನಕ್ಕೆ ಉಪ್ಪು ಕಾಗದದಲ್ಲಿ ಉಜ್ಜಿ. ಪದರ ಪದರವಾಗಿ ಉಂಗುರದ ಹಾಗೆ ಕಾಣತ್ತೆ: ಹೊಸ ಕಪ್ಪು, ಹಳೇ ನೀಲಿ, ತಳದಲ್ಲಿ ಒಂದೊಂದ್ಸಲ ಆ ಆಲಿವ್ ಹಸಿರು. ನಿಮ್ಮ ಪ್ರಶ್ನೆಗೆ ಉತ್ತರ ಆ ತಳದ ಪದರದಲ್ಲಿದೆ.

ನೀರು ಹಾಕಿಯೇ ಉಜ್ಜಿ ಅಂದಿದ್ದಕ್ಕೆ ಕಾರಣ ಇದೆ. ಹಳೇ ಕಾಲದಲ್ಲಿ ತುಕ್ಕು ತಡೆಯೋಕೆ ಉಕ್ಕಿಗೆ ರೆಡ್ ಲೆಡ್ ಹಚ್ತಿದ್ರು. ಅದು ಸೀಸ. ಇವತ್ತು ಅಂಗಡಿಯಲ್ಲಿ ಸಿಗೋ ರೆಡ್ ಆಕ್ಸೈಡ್ ಬೇರೆ, ಅದು ಕಬ್ಬಿಣದ್ದು. ಸೀಸದ್ದು ಸ್ವಲ್ಪ ಕಿತ್ತಳೆ ಕಡೆ ಇರತ್ತೆ, ಆದ್ರೆ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಒಣ ಧೂಳು ಹಾರಿಸಿದ್ರೆ ಮನೆಯಲ್ಲಿರೋ ಚಿಕ್ಕ ಮಕ್ಕಳ ಮೈಗೆ ಅದು ವಿಷ. ಮಾಸ್ಕ್ ಹಾಕ್ಕೊಳ್ಳಿ, ಉಜ್ಜಿದ ಕೆಸರನ್ನ ಬಟ್ಟೆಯಲ್ಲಿ ಒರೆಸಿ ಕಟ್ಟಿಡಿ, ಮೋರಿಗೆ ಬಿಡಬೇಡಿ.

ತುಕ್ಕಿಗೆ ವೈರ್ ಬ್ರಷ್. ನಂಬರಿನ ಸುತ್ತ ಗ್ರೈಂಡರ್ ಬೇಡವೇ ಬೇಡ. ಅದೇ ದಿನ ಪ್ರೈಮರ್ ಹಚ್ಚಿ, ಬೋಳು ಉಕ್ಕು ನಮ್ಮ ಮಳೆಗಾಲದಲ್ಲಿ ರಾತ್ರಿ ಕಳೆಯೋದ್ರೊಳಗೆ ಕೆಂಪಾಗತ್ತೆ. ಮೇಲೆ ಸಿಂಥೆಟಿಕ್ ಎನಾಮಲ್, ಬ್ರಷ್‌ನಲ್ಲಿ, ತೆಳ್ಳಗೆ ಎರಡು ಕೋಟ್. ಹಾರ್ಡನರ್ ಬೆರೆಸೋ ಪಿಯು ಸ್ಪ್ರೇ ಮನೆಯಲ್ಲಿ ಬೇಡ; ಅದರ ಐಸೊಸಯನೇಟ್ ಆವಿ ಉಸಿರಾಟ ಕೆಡಿಸತ್ತೆ, ಬಟ್ಟೆ ಮಾಸ್ಕ್ ಅದನ್ನ ತಡೆಯಲ್ಲ.

ಇನ್ನೊಂದು ವಿಷಯ, ಮನೆಯ ದೊಡ್ಡವರಿಗೂ ತೋರಿಸಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನ 'ವಿಂಟೇಜ್' ಅಂತ ನೋಂದಾಯಿಸಬಹುದು. ಆದ್ರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿಯನ್ನ ಮಾರ್ಪಾಡು ಮಾಡಿರಬಾರದು. ಆರ್‌ಟಿಓದವರು ಹುಡುಕೋದು ಚಾಸಿ ನಂಬರನ್ನೇ. ಅಲ್ಲಿ ನಾಲ್ಕು ಅಂಕಿ ಪುಟ್ಟಿಯ ಕೆಳಗೆ ಹೋಗಿದ್ರೆ ಅಜ್ಜನ ಜೀಪು ಅಜ್ಜನದೇ ಅಂತ ಕಾಗದದಲ್ಲಿ ತೋರಿಸೋದು ಕಷ್ಟ.

ನಿಮ್ಮನೆ ಕೊಟ್ಟಿಗೆಯಲ್ಲಿ ಯಾವುದಾದ್ರೂ ಚಾಸಿ ಬಿದ್ದಿದ್ರೆ ಮುಂದಿನ ಅಡ್ಡಪಟ್ಟಿಯ ಫೋಟೋ ಕಳಿಸಿ. ದುಂಡಗಾ, ಚೌಕಾ? ನಂಬರ್ ಮಾತ್ರ ಮುಚ್ಚಿ ಕಳಿಸಿ ಮಾರಾಯ್ರೆ.

#ಹಳೇಗಾಡಿ #ಚಾಸಿಕಥೆ #ಕನ್ನಡದಲ್ಲಿಚರಿತ್ರೆ