1563ರ ಒಟ್ಲು

ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನಿದ್ದ ಪಿಜಿ ಸುದ್ದಗುಂಟೆಪಾಳ್ಯದಲ್ಲಿತ್ತು. ಹತ್ತಿರದಲ್ಲೇ ಧರ್ಮಾರಾಮ್ ಕಾಲೇಜು. ಬೋರ್ಡ್ ನೋಡಿ ಯಾವುದೋ ಡಿಗ್ರಿ ಕಾಲೇಜಿರಬೇಕು ಅಂದ್ಕೊಂಡಿದ್ದೆ. ಅದು ಪಾದ್ರಿಗಳಾಗುವವರು ಓದುವ ಸೆಮಿನರಿ ಅಂತ ಗೊತ್ತಾಗಿದ್ದು ನನ್ನ ರೂಮ್‌ಮೇಟ್‌ನ ಅಣ್ಣ ಅಲ್ಲಿಗೆ ಓದಲು ಬಂದಾಗ. ಅವರದು ಬೆಳ್ತಂಗಡಿ ಕಡೆ ಬಂದು ನೆಲೆಸಿದ ಮಲಯಾಳಿ ರೈತ ಕುಟುಂಬ. ಭಾನುವಾರ ಸಂಜೆ ತಮ್ಮನನ್ನು ನೋಡಲು ಬರೋರು. ನಾವೆಲ್ಲ ‘ಬ್ರದರ್’ ಅಂತಲೇ ಕರೀತಿದ್ವಿ.

ಒಂದು ಸಲ ಕೇಳಿದೆ, “ಬ್ರದರ್, ನಿಮ್ಮ ಕೋರ್ಸ್ ಎಷ್ಟು ವರ್ಷ?”

ನಕ್ಕರು. “ಫಿಲಾಸಫಿ, ಥಿಯಾಲಜಿ ಎರಡೂ ಸೇರಿ ಕನಿಷ್ಠ ಆರು. ಅದರ ಹಿಂದೆ ಮುಂದೆ ಇರೋದನ್ನೆಲ್ಲ ಸೇರಿಸಿದ್ರೆ ಹತ್ತು ದಾಟುತ್ತೆ.”

ನಾಲ್ಕು ವರ್ಷದ ಬಿಇ ಮುಗಿಸುವಷ್ಟರಲ್ಲಿ ಹೈರಾಣಾಗಿದ್ದ ನನಗೆ ಇದನ್ನು ಕೇಳಿಯೇ ತಲೆ ತಿರುಗಿತ್ತು. ಇಷ್ಟುದ್ದದ ಸಿಲಬಸ್ ಮಾಡಿದವರು ಯಾರು ಅಂತ ಹುಡುಕಲು ಶುರುಮಾಡಿದ್ದು ಆಗಲೇ.

ಮೊದಲು ಇಂಥ ವ್ಯವಸ್ಥೆಯೇ ಇರಲಿಲ್ಲವಂತೆ. ಮಧ್ಯಯುಗದ ಯುರೋಪಿನಲ್ಲಿ ಪಾದ್ರಿಯಾಗುವ ಹಳ್ಳಿ ಹುಡುಗರಲ್ಲಿ ಬಹುಪಾಲು ಜನ ಊರಿನ ಹಿರಿಯ ಪಾದ್ರಿಯ ಜೊತೆಗಿದ್ದು, ನೋಡಿ ಕಲಿಯುತ್ತಿದ್ದರು. ವಿಶ್ವವಿದ್ಯಾಲಯ ಹತ್ತುತ್ತಿದ್ದವರು ಕೆಲವರೇ. ತಾನು ಹೇಳುವ ಲ್ಯಾಟಿನ್ ಪ್ರಾರ್ಥನೆಯ ಅರ್ಥವೇ ಸರಿಯಾಗಿ ತಿಳಿಯದ ಪಾದ್ರಿಗಳಿಗೂ ಕೊರತೆ ಇರಲಿಲ್ಲ. 1517ರಲ್ಲಿ ಲೂಥರ್ ಎದ್ದು ನಿಂತ ಮೇಲೆ ಈ ಅಜ್ಞಾನ ದುಬಾರಿಯಾಯಿತು. 1545ರಲ್ಲಿ ಟ್ರೆಂಟ್ ಎಂಬ ಊರಿನಲ್ಲಿ ಬಿಷಪ್ಪರ ಮಹಾಸಭೆ ಕೂತಿತು. ನಡುನಡುವೆ ನಿಂತು ನಿಂತು ಹದಿನೆಂಟು ವರ್ಷ ನಡೆಯಿತು. (ನಮ್ಮ ರಿಕ್ವೈರ್‌ಮೆಂಟ್ ಮೀಟಿಂಗುಗಳ ಬಗ್ಗೆ ಇನ್ನು ದೂರಲ್ಲ.) ಮುಗಿಯಲು ಕೆಲವೇ ತಿಂಗಳಿದ್ದಾಗ, 1563ರ ಜುಲೈ 15ರಂದು ಒಂದು ಆದೇಶ ಹೊರಟಿತು: ಪ್ರತಿ ಬಿಷಪ್ಪನೂ ತನ್ನ ವ್ಯಾಪ್ತಿಯಲ್ಲಿ ಹುಡುಗರನ್ನು ಸಾಕಿ ಓದಿಸುವ ಕಾಲೇಜು ತೆರೆಯಬೇಕು.

ಆದೇಶದ ಪ್ರಕಾರ ಅದು ‘ಸೆಮಿನಾರಿಯಂ’. ಲ್ಯಾಟಿನ್ನಿನಲ್ಲಿ ಇದರ ಅರ್ಥ ಸಸಿಮಡಿ. ನಮ್ಮೂರಲ್ಲಿ ಒಟ್ಲು ಅಂತೀವಲ್ಲ, ಭತ್ತ ನಾಟಿಗೆ ಮುಂಚೆ ಗದ್ದೆಯ ಮೂಲೆಯಲ್ಲಿ ಒತ್ತಾಗಿ ಬಿತ್ತಿ ಬೆಳೆಸುತ್ತಾರಲ್ಲ, ಅದೇ. ಇದನ್ನು ಓದಿದ ದಿನ ಖುಷಿಗೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ರೋಮಿನ ವಿಷಯ ಬೇಕಿರಲಿಲ್ಲ. “ಒಟ್ಲು ಇಪ್ಪತ್ತೈದು ದಿನಕ್ಕೆ ಕೀಳ್ಬೇಕು ಕಣೊ, ಜಾಸ್ತಿ ಬಿಟ್ರೆ ತೆಂಡೆ ಒಡೆಯಲ್ಲ” ಅಂದು, ಸಂಬಳ ಬಂತಾ ಅಂತ ಕೇಳಿದರು.

ಆದೇಶದ ವಿವರಗಳು ಮಾತ್ರ ನನ್ನನ್ನು ಬಿಡಲಿಲ್ಲ. ಸೇರುವ ಹುಡುಗನಿಗೆ ಕನಿಷ್ಠ ಹನ್ನೆರಡು ವರ್ಷ ಆಗಿರಬೇಕು, ಓದು ಬರಹ ಬರಬೇಕು. ಗುಣ, ಮನಸ್ಸು ನೋಡಿದರೆ ಜೀವನಪೂರ್ತಿ ಇದರಲ್ಲೇ ಇರುತ್ತಾನೆ ಅನ್ನೋ ಭರವಸೆ ಮೂಡಬೇಕು. ಬಡವರ ಮಕ್ಕಳಿಗೆ ಆದ್ಯತೆ. ಉಳ್ಳವರ ಮಕ್ಕಳೂ ಬರಬಹುದು, ಖರ್ಚು ಅವರದೇ. ಸೇರಿದ ಕೂಡಲೇ ತಲೆಯ ನಡುವೆ ಕೂದಲು ತೆಗೆಸಿ, ಪಾದ್ರಿಯ ಉಡುಪು ಹಾಕಬೇಕು. ತಿದ್ದಲಾಗದ ತುಂಟರನ್ನು ಬಿಷಪ್ ಶಿಕ್ಷಿಸಬೇಕು, ಬೇಕಾದರೆ ಹೊರಹಾಕಬೇಕು.

ನಾನು ವಸತಿ ಶಾಲೆಗೆ ಹೋದಾಗ ನನಗೂ ಹನ್ನೊಂದು ದಾಟಿತ್ತು. ಮನೆಯಲ್ಲಿ ಫೀಸು ಕಟ್ಟುವ ಶಕ್ತಿ ಇರಲಿಲ್ಲ, ಅಲ್ಲಿ ಊಟ, ಪುಸ್ತಕ ಎಲ್ಲ ಫ್ರೀ. ಮೊದಲ ದಿನ ಸಾಲಾಗಿ ನಿಲ್ಲಿಸಿ ಕಟಿಂಗ್ ಮಾಡಿಸಿದ್ದು ನೆನಪಿದೆ. ಆ ವಯಸ್ಸಲ್ಲಿ ‘ನಿನಗೆ ಇಷ್ಟವೇ’ ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಹಾಸ್ಟೆಲ್ ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಲೂ ಇರಲಿಲ್ಲ. ಹಾಗಾಗಿ ಟ್ರೆಂಟಿನ ಬಿಷಪ್ಪರನ್ನು ಬೈಯಲೂ ಆಗಲ್ಲ, ಹೊಗಳಲೂ ಆಗಲ್ಲ.

ಇನ್ನು ಪಾಠಗಳು: ವ್ಯಾಕರಣ, ಗಾಯನ, ಬೈಬಲ್ಲು, ಸಂತರ ಪ್ರವಚನಗಳು, ಸಂಸ್ಕಾರ ನಡೆಸುವ ವಿಧಾನ, ಜೊತೆಗೆ ‘ಕಂಪ್ಯೂಟಸ್’. ಹೌದು, ಸ್ಪೆಲ್ಲಿಂಗ್ ತಪ್ಪಿಲ್ಲ. ಈಸ್ಟರ್ ಯಾವ ದಿನ ಬೀಳುತ್ತೆ ಅಂತ ಲೆಕ್ಕ ಹಾಕುವ ವಿದ್ಯೆ ಅದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಈ ಹುಣ್ಣಿಮೆಯೂ ಆಕಾಶದ್ದಲ್ಲ, ಪಂಚಾಂಗದ್ದು. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಬ್ಯಾಂಕ್ ರಜೆಗಳ ಪಟ್ಟಿಗೆ ಗುಡ್ ಫ್ರೈಡೇ ಬೇಕಿತ್ತು. ನಾನು ಹತ್ತು ವರ್ಷದ ತಾರೀಖುಗಳನ್ನು ಹಾರ್ಡ್‌ಕೋಡ್ ಮಾಡಿ ಕೈತೊಳೆದುಕೊಂಡಿದ್ದೆ! ನಾವು ಶೆಲ್ಫಿನಲ್ಲಿಟ್ಟು ಓದದೇ ಬಿಟ್ಟಿರುವ ಕ್ನೂತ್ ಪುಸ್ತಕದ ಮೊದಲ ಸಂಪುಟದಲ್ಲಿ ಈ ಲೆಕ್ಕವೇ ಒಂದು ಅಭ್ಯಾಸ. ಆ ಕಾಲಕ್ಕೆ ಹಳೇ ಕ್ಯಾಲೆಂಡರ್ ಹತ್ತು ದಿನ ಹಿಂದೆ ಬಿದ್ದಿತ್ತು. ಜೆಸ್ವಿಟ್ ಗಣಿತಜ್ಞ ಕ್ಲಾವಿಯಸ್ ಸೇರಿದಂತೆ ಕೆಲವರು ಕೂತು ಸರಿಮಾಡಿದರು. 1582ರ ಅಕ್ಟೋಬರ್ 4ರ ಮಾರನೇ ದಿನ 15 ಆಯಿತು.

ಆದೇಶವೇನೋ ಹೊರಟಿತು, ದುಡ್ಡು ಎಲ್ಲಿಂದ? ಬಿಷಪ್ಪನ ಆದಾಯ, ಮಠಗಳ ಆದಾಯ, ಎಲ್ಲದರಿಂದ ಒಂದು ಪಾಲು ಕತ್ತರಿಸಿ ಅಂದಿತ್ತು ಸಭೆ. ಕೊಡೋರಿಗೆ ಇಷ್ಟವಿರಲಿಲ್ಲ. ಮಿಲಾನಿನಲ್ಲಿ ಚಾರ್ಲ್ಸ್ ಬೊರೊಮಿಯೊ ಮರುವರ್ಷವೇ ಶುರುಮಾಡಿದ. ರೋಮಿನಲ್ಲಿ 1565ಕ್ಕೆ ಬಂತು. ಫ್ರಾನ್ಸಿನಲ್ಲಿ ಸರಿಯಾಗಿ ಬೇರುಬಿಡಲು ಮುಂದಿನ ಶತಮಾನವೇ ಬೇಕಾಯಿತು. ನಮ್ಮ ಕಡೆಗೆ ಬಂದರೆ, 1878ರ ಕೊನೆಯ ದಿನ ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದರು. ಈಗ ಜೆಪ್ಪುವಿನಲ್ಲಿರುವ ಸೆಮಿನರಿ ಅವರು ಶುರುಮಾಡಿದ್ದು. ಎರಡನೇ ವ್ಯಾಟಿಕನ್ ಸಭೆ 1965ರಲ್ಲಿ, ಪಾಠಕ್ರಮವನ್ನು ಆಯಾ ದೇಶದ ಬಿಷಪ್ಪರು ಅಲ್ಲಿಗೆ ಹೊಂದುವಂತೆ ಮಾಡಿಕೊಳ್ಳಲಿ ಅಂದಿತು. ಬ್ರದರ್ ಕೈಯಲ್ಲಿ ಅಕ್ವಿನಾಸ್ ಜೊತೆಗೆ ಉಪನಿಷತ್ತೂ ಇರುತ್ತಿದ್ದುದು ಅದಕ್ಕೇ.

ಅವರು ಎಂಟನೇ ವರ್ಷಕ್ಕೆ ಬಿಟ್ಟು ಬಂದರು. ಕಾರಣ ಹೇಳಲಿಲ್ಲ, ನಾವೂ ಕೆದಕಲಿಲ್ಲ. ಊರಿಗೆ ಹೋಗಲು ಮುಜುಗರ. ಅಮ್ಮ ಚರ್ಚಿಗೆ ಹೋಗೋದನ್ನೇ ಕಡಿಮೆ ಮಾಡಿದ್ದರಂತೆ. ಎರಡು ತಿಂಗಳು ನಮ್ಮ ರೂಮಿನಲ್ಲೇ ಇದ್ದರು. ಒಂದು ರಾತ್ರಿ ನಾನೇ ಅವರ ರೆಸ್ಯೂಮೆ ಟೈಪ್ ಮಾಡಲು ಕೂತೆ. ಲ್ಯಾಟಿನ್, ತರ್ಕಶಾಸ್ತ್ರ, ನಾಲ್ಕು ಭಾಷೆ, ಕೀಬೋರ್ಡ್ ನುಡಿಸೋದು, ಎಲ್ಲ ಹಾಕಿದ ಮೇಲೆ ‘ಬಿಟ್ಟ ಕಾರಣ’ ಅನ್ನೋ ಕಾಲಂ ಬಂತು.

“ಏನಂತ ಹಾಕ್ಲಿ ಬ್ರದರ್?”

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು. “ಸೇರಿದ ಕಾರಣ ಅಂತ ಕಾಲಂ ಇಲ್ವಾ?” ಅಂದರು.